ಬದಲಾದ ಪರದೆಯ ಮುಂದೆ ನಾವು

(ಸಂಘದ ರಜತ ಮಹೋತ್ಸವದ ಅಂಗವಾಗಿ ಯಂಕಂಚಿಯಲ್ಲಿ ಜರುಗಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರಿ ಸಂಘದ ಸಮಾರಂಭ ಅಂದ ಮೇಲೆ ಗದಗ ಸಮೀಪದ ಕಣಗಿನಹಾಳವನ್ನೂ, 1905ರಲ್ಲಿ ಅಲ್ಲಿ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನೂ ನೆನೆಯದೆ ಮಾತು ಆರಂಭಿಸುವುದು ಸರಿಯಲ್ಲ. ಆ ಇತಿಹಾಸವನ್ನು ನಮಗಿಂತ ಚೆನ್ನಾಗಿ ಬಲ್ಲವರು ವೇದಿಕೆಯ ಮೇಲಿದ್ದಾರೆ. ಸಂಘದ ಲೆಕ್ಕ ಬರೆಯುವ ನಮಗೆ ಒಪ್ಪಿಸಿದ ವಿಷಯ ಕಂಪ್ಯೂಟರ್. ಕಂಪ್ಯೂಟರ್ ಬಂತು, ಅನುಕೂಲ ಆಯ್ತು ಅಂತ ಹೇಳಿ ಕುಳಿತರೆ ಅದು ಅರ್ಧ ಮಾತಾದೀತು. ಬಂದ ಮೇಲೆ ಅದರ ಪರದೆ ಬದಲಾಯಿತು. ಆವಾಗ ನಮ್ಮ ಗತಿ ಏನಾಯ್ತು ಅನ್ನೋದನ್ನ ತಮ್ಮ ಮುಂದೆ ಮುಚ್ಚುಮರೆ ಇಲ್ಲದೆ ಹೇಳುತ್ತೇವೆ.

ಸಂಘ ಹುಟ್ಟಿದಾಗ ನಮ್ಮ ಹತ್ತಿರ ಇದ್ದದ್ದು ಒಂದು ಕಿರ್ದಿ, ಒಂದು ಖತಾವಣಿ, ರಸೀದಿ ಪುಸ್ತಕ ಮತ್ತು ಕೀಲಿ ಸರಿಯಾಗಿ ಬೀಳದ ಒಂದು ತಿಜೋರಿ. ಕಿರ್ದಿಯ ಒಂದು ಮಗ್ಗಲು ಜಮಾ, ಇನ್ನೊಂದು ಮಗ್ಗಲು ಖರ್ಚು. ಅವು ಎಂದೂ ಜಾಗ ಬದಲಿಸಲಿಲ್ಲ. ಪುಸ್ತಕ ತೀರಿ ಹೊಸದು ತಂದರೂ ಜಮಾ ತನ್ನ ಜಾಗದಾಗ ಇರುತ್ತಿತ್ತು. ಕಂಪ್ಯೂಟರಿನ ಪರದೆಗೆ ಆ ಹಟ ಇಲ್ಲ.

ನಮ್ಮ ಕಂಪ್ಯೂಟರಿನಲ್ಲಿ ಹಾಕಿಸಿದ್ದು ಟ್ಯಾಲಿ. ಇದನ್ನು ಹೊರದೇಶದ್ದು ಅಂತ ಎಷ್ಟೋ ಮಂದಿ ತಿಳಿದಿದ್ದಾರೆ. ಅಲ್ಲ, ಅದು ನಮ್ಮ ಬೆಂಗಳೂರಿನದೇ. ಶ್ಯಾಮಸುಂದರ ಗೋಯಂಕಾ ಅವರು ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಗೋಯಂಕಾ ಅವರಿಂದಲೇ ಬರೆಸಿದರು. ಕಂಪನಿ ಶುರುವಾದದ್ದು 1986ರಲ್ಲಿ. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ನಾವು ಕಲಿತದ್ದು 2009ರಲ್ಲಿ ಬಿಡುಗಡೆಯಾದ ಟ್ಯಾಲಿ ಇಆರ್‌ಪಿ 9. ನಮ್ಮ ಹಿರಿಯ ಕಾರ್ಯದರ್ಶಿಗಳು ಇಲಿಯನ್ನು, ಅಂದರೆ ಮೌಸನ್ನು, ಮುಟ್ಟದೆ ಬರೀ ಬೆರಳ ಮೇಲೆ ಇಡೀ ದಿನದ ವ್ಯವಹಾರ ಹೊಡೆಯುತ್ತಿದ್ದರು. ಕೀಬೋರ್ಡ್ ಕಡೆ ನೋಡುತ್ತಲೂ ಇರಲಿಲ್ಲ.

2020ರ ನವೆಂಬರಿನಲ್ಲಿ ಟ್ಯಾಲಿ ಪ್ರೈಮ್ ಬಂತು. ಕೆಲವು ತಿಂಗಳ ಮೇಲೆ ನಾವೂ ಹಾಕಿಸಿಕೊಂಡೆವು. ಮುಂಜಾನೆ ತೆರೆದು ನೋಡಿದರೆ ಮನೆ ನಮ್ಮದೇ, ಸಾಮಾನೆಲ್ಲಾ ಬ್ಯಾರೆ ಕಡೆ! ತಲೆಯ ಮೇಲೆ ಒಂದು ಉದ್ದನೆಯ ಟೂಲ್‌ಬಾರು: ಕಂಪನಿ, ಡೇಟಾ, ಗೋ ಟು, ಇಂಪೋರ್ಟ್, ಎಕ್ಸ್‌ಪೋರ್ಟ್, ಪ್ರಿಂಟ್, ಹೆಲ್ಪ್. ಹೊಸ ಖಾತೆ ತೆರೆಯಲು ‘ಅಕೌಂಟ್ಸ್ ಇನ್ಫೋ’ ಅಂತ ಇದ್ದದ್ದು ಮಾಯ. ಅದರ ಬದಲಿಗೆ ‘ಕ್ರಿಯೇಟ್’, ‘ಆಲ್ಟರ್’. ಮೊದಲು ಎಫ್ 1 ಒತ್ತಿದರೆ ಕಂಪನಿ ಆರಿಸುವ ಪಟ್ಟಿ ಬರುತ್ತಿತ್ತು, ಈಗ ಹೆಲ್ಪ್ ಬರುತ್ತದೆ. ಕಾರ್ಯದರ್ಶಿಗಳು ಒಂದು ತಾಸಿನಾಗ ನಾಕು ಸಲ ಎಫ್ 1 ಒತ್ತಿದರು. “ನಾ ಏನ್ ಸಹಾಯ ಕೇಳಿಲ್ಲೋ ತಮ್ಮಾ, ಸುಮ್ನ ಯಾಕ ಬರ್ತದಿದು?” ಅಂದರು. ಸಂಜೆಗೆ, “ನನ್ನ ಹಿಸಾಬ ಮುಗೀತು, ರಾಜೀನಾಮೆ ಬರಕೊಡ್ತೀನಿ” ಅಂದರು. ನಾವು ನಕ್ಕೆವು. ನಗಬಾರದಿತ್ತು.

ಇಂಥದ್ದು ಇದೇ ಮೊದಲಲ್ಲ. ಮೈಕ್ರೋಸಾಫ್ಟ್ ಆಫೀಸಿನ 2007ರ ಆವೃತ್ತಿಯಲ್ಲಿ ಹಳೆಯ ಮೆನುಗಳನ್ನು ತೆಗೆದು ‘ರಿಬ್ಬನ್’ ಎಂಬ ಅಗಲ ಪಟ್ಟಿ ಇಟ್ಟರು. ಪ್ರಿಂಟ್ ಹೋಗಿ ಕುಂತಿದ್ದು ಎಡಗಡೆ ಮೂಲೆಯ ದುಂಡನೆ ಗುಂಡಿಯೊಳಗೆ. ಅದನ್ನು ಶೃಂಗಾರಕ್ಕೆ ಇಟ್ಟಿದ್ದಾರೆ ಅಂತ ತಿಳಿದವರಿಗೆ ಲೆಕ್ಕವಿಲ್ಲ. ಮುಂದೆ 2010ರಲ್ಲಿ ‘ಫೈಲ್’ ಎಂಬ ಹೆಸರನ್ನೇ ಮರಳಿ ತಂದರು. ದೊಡ್ಡವರೂ ಎಡವುತ್ತಾರೆ, ಇರಲಿ.

ಈಗ ನಮ್ಮ ತಪ್ಪಿನ ಮಾತು. ಮಾಲು ವಾಪಸು ಬಂದರೆ ಸದಸ್ಯರ ಬಾಕಿ ಕಡಿಮೆ ಮಾಡಲು ಕ್ರೆಡಿಟ್ ನೋಟ್ ಹಾಕಬೇಕು. ಹಳೆಯದರಲ್ಲಿ ಅದು ಕಂಟ್ರೋಲ್ ಎಫ್ 8. ಹೊಸದರಲ್ಲಿ ಆಲ್ಟ್ ಎಫ್ 6. ಹೊಸದರಲ್ಲಿ ಕಂಟ್ರೋಲ್ ಎಫ್ 8 ಒತ್ತಿದರೆ ಏನೂ ಬರದೆ ಇದ್ದಿದ್ದರೆ ಒಳ್ಳೆಯದಿತ್ತು. ಆದರೆ ಅಲ್ಲಿ ಸೇಲ್ಸ್ ಆರ್ಡರ್ ಬರುತ್ತದೆ. ನೋಡಲಿಕ್ಕೆ ಅಣ್ಣ ತಮ್ಮನಂಗ: ಸದಸ್ಯರ ಹೆಸರು, ಮಾಲು, ನಗ, ದರ. ಆರ್ಡರ್ ಅಂದರೆ ಮುಂದೆ ಮಾಲು ಕೊಡುತ್ತೇವೆ ಎಂಬ ನೋಂದಣಿ ಅಷ್ಟೇ. ಅದರಿಂದ ಬಾಕಿ ಒಂದು ಪೈಸೆ ಇಳಿಯುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಬೂಸಲು ಹಿಡಿದ ಎರಡು ಚೀಲ ಹಿಂಡಿ ವಾಪಸು ತಂದರು. ಗದ್ದಲ ಬಹಳ ಇತ್ತು. ಬೆರಳು ತನ್ನ ಹಳೆಯ ರೂಢಿಯಂತೆ ಕಂಟ್ರೋಲ್ ಎಫ್ 8 ಒತ್ತಿತು. ಮಾಲು ಯಾವ ತಾರೀಖಿಗೆ ಕೊಡಬೇಕು ಅಂತ ಪರದೆ ಕೇಳಿತು. ಎಂಟರ್ ಹೊಡೆದು ದಾಟಿದೆವು. ಮೇಲ್ಗಡೆ ‘ಸೇಲ್ಸ್ ಆರ್ಡರ್’ ಅಂತ ಬರೆದೇ ಇತ್ತು, ಓದಲಿಲ್ಲ. ತಪ್ಪು ಪೂರಾ ನಮ್ಮದು.

ತೊಗರಿ ಮಾರಿದ ಮೇಲೆ ಬಾಕಿ ಕಟ್ಟಲು ಬಂದವರಿಗೆ ಆ ಎರಡು ಚೀಲದ ಹಣವನ್ನೂ ಹಿಡಿದು ಹೇಳಿದೆವು. ಅವರು ಕಿಸೆಯಿಂದ ಚೀಟಿ ತೆಗೆದರು. “ಹೆಗಲ ಮ್ಯಾಲ ಹೊತ್ತು ತಂದು ನಿಮ್ಮ ಗೋದಾಮಿನ್ಯಾಗ ಇಟ್ಟೀನಿ. ನಿಮ್ಮ ಡಬ್ಬಿಗಿ ಕಾಣಲಿಲ್ಲಂದ್ರ ನಾ ಸುಳ್ಳ ಆಗ್ತೀನೇನು?” ಕೌಂಟರಿನ ಮುಂದೆ ನಿಂತ ಹತ್ತು ಮಂದಿ ಸುಮ್ಮನಾದರು. ನಮಗೆ ತಲೆ ಎತ್ತಲು ಆಗಲಿಲ್ಲ.

ಆ ಗಂಟನ್ನು ಬಿಡಿಸಿದವರು, ರಾಜೀನಾಮೆ ಕೊಡ್ತೀನಿ ಅಂದಿದ್ದ ಅದೇ ಕಾರ್ಯದರ್ಶಿಗಳು. ಗೋದಾಮಿಗೆ ಹೋಗಿ ಚೀಲ ಎಣಿಸಿದರು. ಕಂಪ್ಯೂಟರ್ ತೋರಿಸಿದ್ದಕ್ಕಿಂತ ಎರಡು ಚೀಲ ಹೆಚ್ಚು. “ಮಾಲು ಐತಿ, ನೋಂದಣಿ ಇಲ್ಲ. ಬ್ಯಾರೆ ಯಾವುದೋ ಪುಸ್ತಕದಾಗ ಬರದೀರಿ, ಹುಡುಕ್ರಿ” ಅಂದರು. ಕೀಲಿ ಮರೆತ ಮನುಷ್ಯನಿಗೆ ಲೆಕ್ಕ ಮರೆತಿರಲಿಲ್ಲ. ಕೀಲಿ ಕಲಿತಿದ್ದ ನಮಗೆ ಅದು ಹೊಳೆಯಲಿಲ್ಲ. ಅದೇ ದಿನ ಲೆಕ್ಕ ತಿದ್ದಿ ಆ ಹಿರಿಯರ ಕ್ಷಮೆ ಕೇಳಿದೆವು. ಇವತ್ತು ಸಭೆಯ ಎದುರಿಗೂ ಕೇಳುತ್ತೇವೆ.

ಆಮೇಲೆ ಸರಿಯಾಗಿ ಕಲಿಯಲು ಕುಳಿತೆವು. ಎಲ್ಲಾ ಗುಂಡಿ ಕಲಿಯುವ ಹುಚ್ಚು ಬಿಟ್ಟು, ದಿನಾ ಬೇಕಾಗುವ ಕೆಲಸಗಳನ್ನಷ್ಟೇ ಒಂದು ರಟ್ಟಿನ ಮೇಲೆ ಕನ್ನಡದಾಗ ಬರೆದು ಗೋಡೆಗೆ ಹಚ್ಚಿದೆವು: ಒಂದು ಕಡೆ ಹಳೆಯ ಕೀಲಿ, ಒಂದು ಕಡೆ ಹೊಸದು. ಬರೆದು ನೋಡಿದರೆ ಅರ್ಧಕ್ಕರ್ಧ ಬದಲಾಗಿರಲೇ ಇಲ್ಲ. ಹಣ ಕೊಡಲು ಎಫ್ 5, ಜಮಾ ಮಾಡಲು ಎಫ್ 6, ಮಾರಾಟಕ್ಕೆ ಎಫ್ 8, ಖರೀದಿಗೆ ಎಫ್ 9, ಒಪ್ಪಲು ಕಂಟ್ರೋಲ್ ಎ, ಎಲ್ಲಾ ಹಳೆಯವೇ. ಗಾಬರಿಯಲ್ಲಿ ಎಲ್ಲವೂ ಹೋಯ್ತು ಅಂದುಕೊಂಡಿದ್ದೆವು. ‘ಗೋ ಟು’ ಅಂತೂ ನಿಜವಾಗಿ ಛಲೋ ಐತಿ: ಆಲ್ಟ್ ಜಿ ಒತ್ತಿ ಬೇಕಾದ ವರದಿಯ ಹೆಸರು ಹೊಡೆದರೆ, ಮಾಡುತ್ತಿದ್ದ ಕೆಲಸ ಮುಚ್ಚದೆ ಅದು ತೆರೆಯುತ್ತದೆ. ಮೊದಲು ಎಸ್ಕೇಪ್ ಒತ್ತಿ ಒತ್ತಿ ಹಿಂದೆ ಬರಬೇಕಿತ್ತು.

ತಾಲೀಮಿಗೆ ಲೈಸೆನ್ಸ್ ಇಲ್ಲದೆ ಓಡುವ ‘ಎಜುಕೇಶನಲ್’ ಪದ್ಧತಿ ಐತಿ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ನೋಂದಣಿ ಆಗುತ್ತದೆ. ಮೂರೇ ದಿನದ ತಿಂಗಳಾದರೂ ಬೆರಳು ಪಳಗಿಸಲು ಸಾಕು. ಕಾಲೇಜು ಓದುವ ನಮ್ಮೂರ ಹುಡುಗ ಹುಡುಗಿಯರು ಮನೆಯಲ್ಲೇ ಕಲಿಯಬಹುದು. ಆಫೀಸಿನಲ್ಲಿ ಒಂದು ಕಟ್ಟಳೆ ಮಾಡಿದೆವು: ಮೊದಲು ಪರದೆಯ ತಲೆಬರಹ ಬಾಯಿಬಿಟ್ಟು ಓದಬೇಕು, ಆಮೇಲೆ ಎಂಟರ್. ಮೊದಮೊದಲು ಮಗ್ಗಿ ಹೇಳಿದಂಗ ಆಗಿ ನಾಚಿಕೆ ಬರುತ್ತಿತ್ತು.

ಇದು ಇಲ್ಲಿಗೆ ಮುಗಿಯುವುದಿಲ್ಲ. 2022ರ ಜೂನಿನಲ್ಲಿ ಕೇಂದ್ರ ಸರ್ಕಾರ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಒಂದೇ ಬಗೆಯ ಸಾಫ್ಟ್‌ವೇರ್ ಹಾಕಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಾಳೆ ನಮ್ಮ ಮುಂದೆಯೂ ಮತ್ತೊಂದು ಪರದೆ ಬಂದೀತು. ನಮಗೆ ಚಿಂತೆ ಇರುವುದು ಗುಂಡಿಗಳದಲ್ಲ. ಕಿರ್ದಿ ಇದ್ದಾಗ ಓದು ಬಲ್ಲ ಯಾವ ಸದಸ್ಯರಾದರೂ ಬಂದು ತಮ್ಮ ಪುಟ ತೆಗೆದು ನೋಡುತ್ತಿದ್ದರು. ಈಗ ಇಡೀ ಊರಿನ ಲೆಕ್ಕ ಇಬ್ಬರ ಬೆರಳ ತುದಿಯಲ್ಲಿದೆ. ಇದು ನಮಗೇ ಸರಿ ಕಾಣುವುದಿಲ್ಲ.

ಆದ್ದರಿಂದ ನಿರ್ದೇಶಕರಲ್ಲಿ ನಮ್ಮ ವಿನಂತಿ: ಎರಡೇ ಸಂಗತಿ ಕಲಿಯಿರಿ, ಆಲ್ಟ್ ಜಿ ಮತ್ತು ಎಂಟರ್. ಅಢಾವೆ ಪತ್ರಿಕೆಯ ಮೊತ್ತದ ಮೇಲೆ ನಿಂತು ಎಂಟರ್ ಒತ್ತುತ್ತ ಹೋದರೆ ಗುಂಪು, ಗುಂಪಿನಿಂದ ಖಾತೆ, ಖಾತೆಯಿಂದ ಆ ದಿನದ ಪಾವತಿಯತನಕ ಇಳಿಯಬಹುದು. ಹಳೆಯದರಲ್ಲೂ ಹಾಗೇ ಇತ್ತು, ಹೊಸದರಲ್ಲೂ ಹಾಗೇ ಐತಿ. ಸದಸ್ಯರು ಹಣ ಕಟ್ಟಿದಾಗ, ಮಾಲು ತಿರುಗಿ ಕೊಟ್ಟಾಗ ಅಚ್ಚಾದ ಪಾವತಿ ಕೈಗೆ ಬರುವತನಕ ಕೌಂಟರ್ ಬಿಟ್ಟು ಕದಲಬೇಡಿ. ಶನಿವಾರ ಮಧ್ಯಾಹ್ನ ಗದ್ದಲ ಕಡಿಮೆ ಇರುತ್ತದೆ. ಅವತ್ತು ಬಂದರೆ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ನಿಮ್ಮ ಖಾತೆ ತೋರಿಸುತ್ತೇವೆ. ಚೀಟಿ ಇದ್ದವರು ಚೀಟಿ ತರ್ರಿ.