ಆ್ಯಪ್ ಮಾಡಲು ಹೊರಟ ನಾವು



ಎಸ್ಸೆಸ್ಸೆಲ್ಸಿ ಓದಿದ ನಾವು ಮೊಬೈಲ್ ಆ್ಯಪ್ ಮಾಡ್ತೀವಿ ಅಂದಾಗ ಮನೆಯವರೇ ನಕ್ಕರು. ಹಾಲಿನ ಚೀಟಿಗಳು ಮಳೆಗೆ ನೆನೆದು ಲೆಕ್ಕ ತಪ್ಪುತ್ತಿತ್ತಲ್ಲ, ಅದೇ ಕಾರಣ. ಮಗಳ ಜೊತೆ ಕೂತು ಎಂ.ಐ.ಟಿ. ಆ್ಯಪ್ ಇನ್ವೆಂಟರ್‌ನಲ್ಲಿ ಕಲಿತೆವು. ಅದಕ್ಕೆ ದುಡ್ಡಿಲ್ಲ, ಮಕ್ಕಳು ಆಟದ ತುಂಡು ಜೋಡಿಸಿದ ಹಾಗೆ ಜೋಡಿಸುತ್ತಾ ಹೋಗುವುದು. ಲೀಟರು, ಫ್ಯಾಟು, ದರ ಹಾಕಿದರೆ ಬಟವಾಡೆ ತೋರಿಸುವಷ್ಟಕ್ಕೇ ಒಂದು ಮುಂಗಾರು ಹಿಡಿಯಿತು.

ಮಾರುವುದು ಬೇರೆಯೇ ಪಾಠ. ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ ಮಧ್ಯದ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, 12 ಜನ 14 ದಿನ ಬಿಡದೆ ಪರೀಕ್ಷಕರಾಗಿರಬೇಕು. ಡೇರಿಗೆ ಬಂದವರನ್ನೇ ಹಿಡಿದು ಸೇರಿಸಿದೆವು. ಒಂಬತ್ತನೇ ದಿನ ಒಬ್ಬರು ಪಟ್ಟಿಯಿಂದ ಹೊರಬಿದ್ದರು, ಎಣಿಕೆ ಮತ್ತೆ ಮೊದಲಿಂದ! (ಅವರು ಇಲ್ಲೇ ಕೂತಿದ್ದಾರೆ, ಹೆಸರು ಬೇಡ.)

ಆಮೇಲೆ ಅವಸರದಲ್ಲಿ ಉಚಿತವೆಂದು ಬಿಟ್ಟೆವು. ಅಲ್ಲಿ ಒಮ್ಮೆ ಉಚಿತವಾಗಿ ಕೊಟ್ಟ ಆ್ಯಪ್‌ಗೆ ಮತ್ತೆ ಬೆಲೆ ಇಡಲು ಬರುವುದಿಲ್ಲ. ಓದದೆ ಒತ್ತಿದ್ದು ನಮ್ಮದೇ ತಪ್ಪು. ಈಗ ರಾಸುಗಳ ಗಬ್ಬದ ದಿನ ನೆನಪಿಸುವ ಇನ್ನೊಂದನ್ನು ಮಾಡುತ್ತಿದ್ದೇವೆ, ಇದಕ್ಕೆ ಮೊದಲೇ ಬೆಲೆ ಇಡುತ್ತೇವೆ. ಹಾಕಿ ನೋಡಲು ಫೋನು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ.