ಎರಡು ನಿಮಿಷ ಅರ್ಥ ಹೇಳ್ಲಿಕ್ಕೆ ಬರ್ತದಾ?

ಬಂಟ್ವಾಳದ ಬಿ.ಸಿ. ರೋಡಿನಿಂದ, ನಮ್ಮ ಮನೆಯ ಮಹಡಿ ಕೋಣೆಯಿಂದ ಮಾತಾಡ್ತಾ ಇದ್ದೇನೆ. ಮಧ್ಯೆ ಬಸ್ಸಿನ ಹಾರ್ನ್ ಕೇಳಿದರೆ ಸುಧಾರಿಸಿಕೊಳ್ಳಿ, ಹೈವೇ ಪಕ್ಕದ ಸ್ಟುಡಿಯೋ ಅಂದ್ರೆ ಇಷ್ಟೇ.

ಇವತ್ತಿನ ವಿಷಯ ಅರ್ಧ ಅಂಕ. ನನ್ನ ಚಿಕ್ಕಮ್ಮನ ಮಗಳೊಬ್ಬಳಿದ್ದಾಳೆ. ಮನೆ ಬೆಳ್ತಂಗಡಿ, ಕೆಲಸ ಮೂಡುಬಿದಿರೆಯಲ್ಲಿ, ನರ್ಸ್. ಇಂಗ್ಲೆಂಡಿಗೆ ಹೋಗ್ಬೇಕು ಅಂತ ಐಇಎಲ್‌ಟಿಎಸ್ ಬರೆದಳು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಸ್ಪೀಕಿಂಗ್‌ನಲ್ಲಿ 7 ಕೇಳ್ತದೆ. ಇವಳಿಗೆ ಬಂದದ್ದು 6.5. ಓದುವುದು, ಬರೆಯುವುದು, ಕೇಳುವುದು ಮೂರೂ ದಾಟಿತ್ತು. ಫೀಸು ಕಟ್ಟಿದ್ದು ಚಿಕ್ಕಮ್ಮ ಸೊಸೈಟಿಯಿಂದ ತೆಗೆದ ಸಾಲದಲ್ಲಿ. ಆ ರಾತ್ರಿ ಫೋನ್ ಮಾಡಿ, "ಅಣ್ಣಾ, ಕೇಳಿದ್ದು ಸಂಗೀತ ಮತ್ತೆ ಭಾಷೆ ಬಗ್ಗೆ ಮಾತ್ರ. ಅದರಲ್ಲೇ ಹೋಯ್ತು" ಅಂತ ಅತ್ತಳು.

ಎಂತ ಹೇಳಿದೆ ಅಂತ ಕೇಳಿದೆ. ಕೋಚಿಂಗಿನಲ್ಲಿ ಒಂದು ಜೆರಾಕ್ಸ್ ಪುಸ್ತಕ ಕೊಟ್ಟಿದ್ದರಂತೆ, ಎಲ್ಲ ಪ್ರಶ್ನೆಗೂ ರೆಡಿ ಉತ್ತರ. ಇಷ್ಟದ ಸಂಗೀತ ಯಾವುದು ಅಂದಾಗ, ತಾನು ಯಾವತ್ತೂ ಕೇಳದ ಯಾವುದೋ ಇಂಗ್ಲಿಷ್ ಗಾಯಕಿಯ ಹೆಸರು ಹೇಳಿದ್ದಾಳೆ. ಎಷ್ಟು ಭಾಷೆ ಬರ್ತದೆ ಅಂದಾಗ ಕನ್ನಡ ಮತ್ತು ಇಂಗ್ಲಿಷ್, ಇಂಗ್ಲಿಷ್ ಸಿನಿಮಾ ನೋಡಿ ಕಲಿತೆ ಅಂದಿದ್ದಾಳೆ. ಮಾರಾಯ್ರೆ, ಈ ಹುಡುಗಿ ಮನೆಯಲ್ಲಿ ತುಳು, ಪಕ್ಕದ ಮನೆಯವರ ಹತ್ತಿರ ಬ್ಯಾರಿ, ವಾರ್ಡಿನಲ್ಲಿ ಜೊತೆಗಿರುವ ನರ್ಸುಗಳ ಹತ್ತಿರ ಮಲಯಾಳಂ, ಹೊರರಾಜ್ಯದ ಕೂಲಿಯವರು ಅಡ್ಮಿಟ್ ಆದ್ರೆ ಹಿಂದಿ ಮಾತಾಡುವವಳು! ಒಂದೇ ಶಿಫ್ಟಿನಲ್ಲಿ ಐದು ಭಾಷೆ. ಅದನ್ನು ಹೇಳಲೇ ಇಲ್ಲ. "ಅದು ಪುಸ್ತಕದಲ್ಲಿ ಇರ್ಲಿಲ್ಲ ಅಣ್ಣ."

ಗೊತ್ತಿಲ್ಲದವರಿಗೆ ಹೇಳ್ತೇನೆ. ಸ್ಪೀಕಿಂಗ್ ಟೆಸ್ಟ್ 11ರಿಂದ 14 ನಿಮಿಷ. ಮೊದಲು ಸಣ್ಣ ಸಣ್ಣ ಪ್ರಶ್ನೆ. ಆಮೇಲೆ ಒಂದು ಕಾರ್ಡ್ ಕೊಡ್ತಾರೆ, ಯೋಚನೆ ಮಾಡ್ಲಿಕ್ಕೆ ಒಂದು ನಿಮಿಷ, ನಂತರ ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತಾಡ್ಬೇಕು. ಕೊನೆಗೆ ಚರ್ಚೆ. ಅಂಕ ನಾಲ್ಕು ಪಾಲು: ತಡವರಿಸದೆ ಹೊಂದಿಸಿ ಮಾತಾಡುವುದು, ಶಬ್ದ, ವ್ಯಾಕರಣ, ಉಚ್ಚಾರಣೆ. ನಾನು ಕಾಮರ್ಸ್ ಓದಿದವನು, ಪಾಲು ಅಂದ್ರೆ ಕಿವಿ ನೆಟ್ಟಗಾಗ್ತದೆ. ನಾಲ್ಕೂ ಸಮಪಾಲು. ದೊಡ್ಡ ದೊಡ್ಡ ಶಬ್ದ ಬಾಯಿಪಾಠ ಮಾಡಿದ್ರೆ ಹೆಚ್ಚೆಂದರೆ ಒಂದು ಪಾಲಿಗೆ ಆಸೆ. ಎದುರು ಕೂತವರಿಗೆ ಇದು ಬಾಯಿಪಾಠ ಅಂತ ಗೊತ್ತಾದ್ರೆ ಅದೂ ಇಲ್ಲ.

ಆಗ ನನಗೆ ನೆನಪಾದದ್ದು ತಾಳಮದ್ದಳೆ. ನಗಬೇಡಿ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ನಮ್ಮ ಕಡೆ ದೇವಸ್ಥಾನದಲ್ಲಿ, ಶಾಲೆಯ ಹಾಲ್‌ನಲ್ಲಿ ಕೂಟ ಆಗ್ತದಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡ್ತಾರೆ, ಮುಗಿದ ಕೂಡ್ಲೆ ಅರ್ಥಧಾರಿ ಮಾತು ಶುರು ಮಾಡ್ತಾರೆ. ಪ್ರಸಂಗದ ಪುಸ್ತಕದಲ್ಲಿ ಪದ ಮಾತ್ರ ಇರ್ತದೆ, ಮಾತು ಇರೋದಿಲ್ಲ. ಅದನ್ನು ಅಲ್ಲೇ ಹುಟ್ಟಿಸಬೇಕು. ಎದುರಿನವರು ಅಡ್ಡ ಪ್ರಶ್ನೆ ಹಾಕಿದ್ರೆ ಅದಕ್ಕೂ ಅಲ್ಲೇ ಉತ್ತರ. ಕಾರ್ಡು ಅಂದ್ರೆ ಪದ, ಎರಡು ನಿಮಿಷ ಅಂದ್ರೆ ಅರ್ಥ, ಕೊನೆಯ ಚರ್ಚೆ ಅಂದ್ರೆ ಎದುರು ಅರ್ಥಧಾರಿಯ ಜೊತೆ ಸಂವಾದ. ಮುಂದಿನ ಸಾಲಿನಲ್ಲಿ ಕೂತು ಇದನ್ನು ಕೇಳಿ ಬೆಳೆದವರು ನಾವು, ಪರೀಕ್ಷೆಗೆ ಹೋಗುವಾಗ ಮಾತ್ರ ಜೆರಾಕ್ಸ್ ಹಿಡ್ಕೊಂಡು ಹೋಗ್ತೇವೆ. ಒಂದೇ ವ್ಯತ್ಯಾಸ: ಅರ್ಥಧಾರಿ ಅರ್ಧ ಗಂಟೆ ಎಳೆದರೂ ನಡೀತದೆ, ಇಲ್ಲಿ ಎರಡು ನಿಮಿಷಕ್ಕೆ ನಿಲ್ಲಿಸ್ತಾರೆ. ನಿಲ್ಲಿಸಿದ್ರು ಅಂತ ಹೆದರುವುದು ಬೇಡ.

ಇನ್ನೂ ದೊಡ್ಡ ಉದಾಹರಣೆ ಬೆಳ್ತಂಗಡಿ ತಾಲೂಕಿನಲ್ಲೇ ಉಂಟು, ಮಾಚಾರಿನ ಗೋಪಾಲ ನಾಯ್ಕರು. ಅವರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ರೆಕಾರ್ಡ್ ಮಾಡಿದ್ರು, 1998ರಲ್ಲಿ ಪುಸ್ತಕ ಬಂತು. 15,683 ಸಾಲು! ಎದುರಿಗೆ ಕಾಗದ ಇಟ್ಟು ಹಾಡಿದ್ದಲ್ಲ. ಹೊಂಕೊ ಹೇಳಿದ್ದು, ಗಾಯಕನ ತಲೆಯಲ್ಲಿ ಸಾಲು ಸಾಲಾಗಿ ಪಠ್ಯ ಇರೋದಿಲ್ಲ, ಕಥೆಯ ದಾರಿ ಇರ್ತದೆ, ಪದೇ ಪದೇ ಬರುವ ಮಾತಿನ ತುಂಡುಗಳು ಇರ್ತವೆ, ಹಾಡುವಾಗ ಅದು ಹೊಸದಾಗಿ ಕಟ್ಟಿಕೊಳ್ತದೆ ಅಂತ. ಇವಳಿಗೆ ಬೇಕಾದದ್ದೂ ಅದೇ.

ಹಾಗೆ ಶುರು ಮಾಡಿದೆವು. ರಾತ್ರಿ ಒಂಬತ್ತೂವರೆಗೆ, ಡ್ಯೂಟಿ ಮುಗಿದ ಮೇಲೆ, ಫೋನಿನಲ್ಲಿ. ಮೊದಲ ಕಾರ್ಡ್: ನಿಮಗೆ ಇಷ್ಟವಾದ ಸಂಗೀತಗಾರ. ಮತ್ತೆ ಅದೇ ಇಂಗ್ಲಿಷ್ ಗಾಯಕಿ ಬಂದಳು! ನಿಲ್ಲಿಸಿ ಕೇಳಿದೆ, "ನಿನ್ನಪ್ಪನ ರಿಕ್ಷಾದಲ್ಲಿ ಯಾವ ಕ್ಯಾಸೆಟ್ ಇತ್ತು?" "ಕದ್ರಿ ಗೋಪಾಲನಾಥ್." ಮತ್ತೆಂತ ಬೇಕು? 1949ರಲ್ಲಿ ನಮ್ಮ ಬಂಟ್ವಾಳದ ಸಜಿಪಮೂಡದಲ್ಲಿ ಹುಟ್ಟಿದವರು, ಅಪ್ಪ ನಾಗಸ್ವರದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೇ ಮನಸ್ಸು ಕೊಟ್ಟರು. ಆ ಪರದೇಶಿ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ಬರಿಸ್ಲಿಕ್ಕೆ ವರ್ಷಗಟ್ಟಲೆ ಒದ್ದಾಡಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಕಾಗದದಲ್ಲಿ ನಾಲ್ಕೇ ಶಬ್ದ ಬರಿ ಅಂದೆ: ರಿಕ್ಷಾ, ಅಪ್ಪ, ಸಜಿಪ, ಲಂಡನ್. ಮಾತಾಡಿದಳು. 50 ಸೆಕೆಂಡಿಗೆ ನಿಂತಿತು, ಆದ್ರೆ ಮಾತು ಅವಳದ್ದೇ.

ಮಾತು ಸ್ವಂತದ್ದಾದ್ರೆ ಎಲ್ಲ ಸರಿ ಆಯ್ತು ಅಂತಲ್ಲ. ವ್ಯಾಕರಣಕ್ಕೂ ಒಂದು ಪಾಲು ಉಂಟಲ್ಲ. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ 'ದ' ಅನ್ನುವ ಇಂಗ್ಲಿಷ್ ಬಾಲಕ್ಕೆ ಜಾಗವೇ ಇಲ್ಲ, ಹಾಗಾಗಿ ನಾವು ಅದನ್ನು ನುಂಗ್ತೇವೆ. 'ವೆಸ್ಟ್' ಅಂದ್ರೆ ಬನಿಯನ್ನೋ ಪಶ್ಚಿಮವೋ ನಮ್ಮ ಬಾಯಲ್ಲಿ ಗೊತ್ತಾಗುವುದಿಲ್ಲ. ಊರಿನ ಧಾಟಿ ಇದ್ದರೆ ಅಂಕ ಹೋಗೋದಿಲ್ಲ, ಅರ್ಥ ಆಗದಿದ್ದರೆ ಹೋಗ್ತದೆ. ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡ್ತೇವೆ, ಇಂಗ್ಲಿಷ್ ಕೆಲವನ್ನು ಒತ್ತಿ ಬಾಕಿಯದ್ದನ್ನು ಹಾರಿಸ್ತದೆ. ಇದಕ್ಕೆ ನಾವು ಮಾಡಿದ್ದು, ಒತ್ತಬೇಕಾದ ಕಡೆ ಮೇಜಿಗೆ ಬಡಿಯುವುದು, ತಾಳ ಹಾಕಿದ ಹಾಗೆ. ರೆಕಾರ್ಡ್ ಮಾಡಿ ಅವಳೇ ಕೇಳಿ ತಪ್ಪು ಹುಡುಕುವುದು. ಸ್ವಂತ ಧ್ವನಿ ಕೇಳುವುದು ಹಿಂಸೆ, ಪಾಡ್‌ಕಾಸ್ಟ್ ಮಾಡುವವನಿಗೆ ಗೊತ್ತು.

ಮೂರನೇ ವಾರದ ಕಾರ್ಡ್: ಬಾಲ್ಯದಲ್ಲಿ ಕೇಳಿದ ಒಂದು ಹಾಡು. ನೇಜಿ ನೆಡುವಾಗ ಅಜ್ಜಿ ಹೇಳ್ತಿದ್ದ ಓಬೇಲೆ ಕಬಿತೆಯ ಬಗ್ಗೆ ಶುರು ಮಾಡಿದಳು. ಒಬ್ಬರು ಹೇಳುವುದು, ಸಾಲಿನಲ್ಲಿದ್ದವರೆಲ್ಲ ಸೊಲ್ಲು ಕೊಡುವುದು, ಸೊಂಟ ನೋವು ಮರೆಯುವುದು. ಈಗ ಗದ್ದೆ ಅಡಿಕೆ ತೋಟ ಆಗಿದೆ, ಅಜ್ಜಿ ಒಬ್ಬರೇ ಜಗಲಿಯಲ್ಲಿ ಕೂತು ಗುನುಗ್ತಾರೆ, ಸೊಲ್ಲು ಕೊಡುವವರಿಲ್ಲ ಅಂತ ಇಂಗ್ಲಿಷಿನಲ್ಲೇ ಹೇಳಿದಳು. ನಾಲ್ಕು ಕಡೆ 'ದ' ಬಿಟ್ಟಿದ್ದಳು, ಒಮ್ಮೆ 'ಶಿ ಸಿಂಗ್' ಅಂದಳು. ಎಷ್ಟು ಹೊತ್ತು ಮಾತಾಡಿದಳು ಅಂತ ಕೇಳಿದ್ರೆ, ಗಡಿಯಾರ ನೋಡ್ಲಿಕ್ಕೆ ನಾನೇ ಮರೆತಿದ್ದೆ. ಆಮೇಲೆ ರೆಕಾರ್ಡಿಂಗ್ ನೋಡಿದ್ರೆ ಎರಡು ನಿಮಿಷ ಹನ್ನೊಂದು ಸೆಕೆಂಡ್.

ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಈ ಸಲ ಫೀಸು ಅವಳ ಸಂಬಳದ್ದೇ. ಇವತ್ತು ರಾತ್ರಿಯ ಕಾರ್ಡ್: ನೀವು ಕಲಿಯಬೇಕು ಅಂತಿರುವ ಒಂದು ಭಾಷೆ. ನೀವೂ ಮಾತಾಡಿ ನೋಡಿ, ನಾಲ್ಕು ಶಬ್ದ ಬರೆದುಕೊಂಡು, ಎರಡು ನಿಮಿಷ. ವಾಯ್ಸ್ ನೋಟ್ ಕಳಿಸಿದ್ರೆ ಖಂಡಿತ ಕೇಳ್ತೇನೆ. ಬರ್ತೇನೆ, ಒಂಬತ್ತೂವರೆ ಆಯ್ತು, ಅವಳ ಫೋನ್ ಬರ್ತಾ ಉಂಟು.