ಕಂಬಿ ಹಿಂದಿನ ಇಂಗ್ಲಿಷ್ ಮೇಷ್ಟ್ರು

ಇವತ್ತಿನ ಮಾತನ್ನ ಒಬ್ಬ ಕೈದಿಯಿಂದ ಶುರು ಮಾಡೋಣ.

ವರ್ಷ 1848. ಜಪಾನು ಆಗ ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತಿದ್ದ ದೇಶ. ಯೂರೋಪಿನವರ ಪೈಕಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿ ಬಂದರಿನ ಅಂಗೈ ಅಗಲದ ಒಂದು ದ್ವೀಪದಲ್ಲಿ, ಕಾಲಿಡೋಕೆ ಅವಕಾಶ. ಅಂಥ ಕಾಲದಲ್ಲಿ ರಾನಲ್ಡ್ ಮೆಕ್‌ಡೊನಾಲ್ಡ್ ಅನ್ನೋ 24 ವರ್ಷದ ಹುಡುಗ ತಿಮಿಂಗಿಲ ಬೇಟೆಯ ಹಡಗಿನಿಂದ ಒಂದು ಪುಟ್ಟ ದೋಣಿ ಇಳಿಸಿಕೊಂಡು, ಹೊಕ್ಕೈದೊ ಪಕ್ಕದ ದ್ವೀಪಕ್ಕೆ ಬೇಕಂತಲೇ ಒಬ್ಬನೇ ಹೋದ. ಹಡಗು ಒಡೆದು ದಿಕ್ಕುತಪ್ಪಿ ಬಂದೆ ಅಂದರೆ ತಲೆ ತೆಗೆಯಲಿಕ್ಕಿಲ್ಲ ಅನ್ನೋದು ಅವನ ಲೆಕ್ಕ. ಅಪ್ಪ ಸ್ಕಾಟ್ಲೆಂಡ್ ಮೂಲದವನು, ತುಪ್ಪಳ ವ್ಯಾಪಾರದ ಕಂಪನಿಯಲ್ಲಿ ಅಧಿಕಾರಿ. ಅಮ್ಮ ಅಮೆರಿಕದ ಚಿನೂಕ್ ಬುಡಕಟ್ಟಿನ ನಾಯಕನ ಮಗಳು. ಮಗನನ್ನ ಬ್ಯಾಂಕಿನ ಗುಮಾಸ್ತಗಿರಿಗೆ ಹಚ್ಚಿದ್ದರು. ಅವನು ಬೇಜಾರಾಗಿ ಸಮುದ್ರ ಸೇರಿದ್ದ.

ಲೆಕ್ಕ ಸರಿಯಾಯ್ತು, ತಲೆ ಉಳೀತು. ಆದರೆ ಹಿಡಿದು ನಾಗಸಾಕಿಗೆ ಸಾಗಿಸಿ, ಮರದ ಕಂಬಿ ಹಾಕಿದ ಕೋಣೆಯಲ್ಲಿ ಕೂರಿಸಿದರು. ಸ್ವಲ್ಪ ದಿನ ಹೋದ ಮೇಲೆ ಅಲ್ಲಿಗೆ ಸರ್ಕಾರದ ದುಭಾಷಿಗಳು ಬರೋಕೆ ಶುರು ಮಾಡಿದರು. ಒಟ್ಟು 14 ಜನ. ಡಚ್ ಚೆನ್ನಾಗಿ ಬಲ್ಲವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ಗಟ್ಟಿಯಾಗಿ ಇಂಗ್ಲಿಷ್ ಓದೋರು, ಇವನು ಉಚ್ಚಾರ ತಿದ್ದೋನು. ಅರ್ಥವನ್ನ ತನಗೆ ಬರೋ ನಾಲ್ಕು ಜಪಾನಿ ಮಾತಿನಲ್ಲಿ ಹೇಳೋನು. ಕೈದಿ ಮೇಷ್ಟ್ರು, ಕಾಯೋರ ಕಡೆಯವರು ಶಿಷ್ಯರು. ಇಂಥ ತರಗತಿ ಇನ್ನೆಲ್ಲಾದರೂ ನಡೆದಿರೋದು ನನಗಂತೂ ಗೊತ್ತಿಲ್ಲ.

ಆ ತರಗತಿಯ ಕಷ್ಟ ಎಲ್ಲಿತ್ತು ಗೊತ್ತಾ? ‘ಲ’ದಲ್ಲಿ. ಜಪಾನಿ ಕಿವಿಗೆ ‘ರ’ ಮತ್ತು ‘ಲ’ ಬೇರೆ ಬೇರೆ ಅಲ್ಲ, ಎರಡರ ನಡುವಿನ ಒಂದೇ ದನಿ. ಲೈಟ್ ಅಂದರೂ ಅದೇ, ರೈಟ್ ಅಂದರೂ ಅದೇ. ನಗಬೇಡಿ. ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ‘ಹಾಲು’ ಮತ್ತು ‘ಹಾಳು’ ಬೇರೆ ಬೇರೆ ಮಾಡಿ ಹೇಳಿಸೋಕೆ ನೀವೇ ಒಂದು ಸಂಜೆ ಕೂತು ನೋಡಿ. ನಾಲಿಗೆ ಮಡಿಸಿ ಅಂತೀರಿ. ಅವರು ಮಡಿಸ್ತಾರೆ. ಆದರೂ ಹಾಲೇ ಬರುತ್ತೆ. ಯಾಕಂದರೆ ತೊಂದರೆ ಇರೋದು ನಾಲಿಗೆಯಲ್ಲಲ್ಲ, ಕಿವಿಯಲ್ಲಿ. ಕೇಳಿಸದೇ ಇರೋ ವ್ಯತ್ಯಾಸವನ್ನ ಬಾಯಿ ಹೇಗೆ ಆಡೀತು? ಅದಕ್ಕೆ ಎದುರಿಗೆ ಒಬ್ಬರು ಕೂತು, ಬೇಸರ ಮಾಡಿಕೊಳ್ಳದೆ, ನೂರು ಸಲ ಹೇಳಿ ತೋರಿಸಬೇಕು.

1849ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆಯೊಂದು ಬಂದು ಅವನನ್ನ ಕರಕೊಂಡು ಹೋಯ್ತು. ಐದು ವರ್ಷ ಕಳೆದು, 1854ರಲ್ಲಿ, ಅಮೆರಿಕದ ನೌಕಾಧಿಕಾರಿ ಕಮೊಡೋರ್ ಪೆರಿ ತೋಪು ತುಂಬಿದ ಹಡಗುಗಳ ಜೊತೆ ಎರಡನೇ ಸಲ ಬಂದು ಜಪಾನಿನ ಬಾಗಿಲು ತಟ್ಟಿದಾಗ, ಮಾತುಕತೆಯಲ್ಲಿ ಜಪಾನಿನ ಕಡೆ ಪ್ರಮುಖ ದುಭಾಷಿಯಾಗಿ ನಿಂತವರು ಮೊರಿಯಾಮಾ ಎಯಿನೊಸುಕೆ. ಆ ಹದಿನಾಲ್ಕು ಜನ ಶಿಷ್ಯರಲ್ಲಿ ಒಬ್ಬರು.

ಮೆಕ್‌ಡೊನಾಲ್ಡ್ ಹಾಗೆ ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸೋರ ಬಗ್ಗೆ ಒಂದು ತಾತ್ಸಾರ ಇದೆ. “ಊರಲ್ಲಿ ಬೇರೆ ಕೆಲಸ ಸಿಗಲಿಲ್ಲ, ದೇಶ ನೋಡಬೇಕಿತ್ತು, ಹುಟ್ಟಿನಿಂದ ಬಂದ ಭಾಷೆಯನ್ನೇ ಮಾರಿಕೊಂಡು ಹೊಟ್ಟೆ ಹೊರೀತಾರೆ” ಅಂತ. ಇದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಮಕ್ಕಳಿಗೆ ಇಂಗ್ಲಿಷಿನಲ್ಲಿ ಎಷ್ಟು ಅಂಕ ಬಂತು ಅನ್ನೋ ತಕ್ಕಡಿಯಲ್ಲಿ ಈ ಮೇಷ್ಟ್ರುಗಳ ಕೆಲಸ ತೂಗೋಕೆ ಹೋದರೆ, ಮುಖ್ಯವಾದದ್ದು ತಟ್ಟೆಯಿಂದ ಆಚೆಗೇ ಉಳಿಯುತ್ತೆ.

ಲಫ್ಕಾಡಿಯೊ ಹರ್ನ್ ಅವರನ್ನ ನೋಡಿ. ಅಮ್ಮ ಗ್ರೀಕ್, ಅಪ್ಪ ಐರಿಷ್, ವೃತ್ತಿ ಅಮೆರಿಕದಲ್ಲಿ ಪತ್ರಿಕೋದ್ಯಮ. 1890ರಲ್ಲಿ ಮತ್ಸುಎ ಅನ್ನೋ ಊರಿನ ಶಾಲೆಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದರು. ಅಲ್ಲಿ ಇದ್ದದ್ದು ಒಂದೂಕಾಲು ವರ್ಷ ಅಷ್ಟೆ. ಆದರೆ ಹುಡುಗರು ಬರೆದ ಇಂಗ್ಲಿಷ್ ಪ್ರಬಂಧಗಳನ್ನ ಅವರು ತಪ್ಪು ತಿದ್ದಿ ಮೂಲೆಗೆ ಹಾಕಲಿಲ್ಲ. ಅವನ್ನ ಕೂತು ಓದಿ, ಈ ಮಕ್ಕಳು ಚಂದ್ರನನ್ನ, ದೆವ್ವವನ್ನ, ಸಾವನ್ನ ಹೇಗೆ ನೋಡ್ತಾರೆ ಅಂತ ಗಮನಿಸಿ, ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದರು. ಅದರಲ್ಲಿ ಒಬ್ಬ ಹುಡುಗ ಬರ್ತಾನೆ. ಬಡಗಿಯ ಮಗ. ಕಾಯಿಲೆ ಬಿದ್ದು ಉಳಿಯೋ ಹಾಗಿಲ್ಲ. ಒಂದು ರಾತ್ರಿ ಎದ್ದು, ಶಾಲೆ ನೋಡಬೇಕು ಅಂತಾನೆ. ಮನೆಯ ಮುದುಕ ಆಳು ಅವನನ್ನ ಬೆನ್ನ ಮೇಲೆ ಹೊತ್ತು ಆ ಹೊತ್ತಿನಲ್ಲೇ ಶಾಲೆ ತೋರಿಸಿಕೊಂಡು ಬರ್ತಾನೆ. ಹುಡುಗರ ಬಗ್ಗೆ ಇಷ್ಟು ವಿವರ ಗೊತ್ತಿರೋದು ಬರೀ ಗ್ರಾಮರ್ ಕಲಿಸಿ ಗಂಟೆ ಹೊಡೆದ ತಕ್ಷಣ ಎದ್ದು ಹೋದ ಮೇಷ್ಟ್ರಿಗಲ್ಲ. ಮುಂದೆ ಹರ್ನ್ ಮತ್ಸುಎಯ ಸೆತ್ಸು ಅವರನ್ನೇ ಮದುವೆಯಾಗಿ, ಜಪಾನಿನ ಪ್ರಜೆಯಾಗಿ, ಕೊಯಿಜುಮಿ ಯಕುಮೊ ಅನ್ನೋ ಹೆಸರು ಇಟ್ಟುಕೊಂಡರು. ಹೆಂಡತಿ ಹೇಳಿದ ದೆವ್ವದ ಕಥೆಗಳನ್ನ ಇಂಗ್ಲಿಷಿಗೆ ತಂದರು. ಕಲಿಸೋಕೆ ಅಂತ ಬಂದವರು ಕಲಿತೇ ಮುಗಿಯಲಿಲ್ಲ.

ಇಲ್ಲೊಂದು ಅಡ್ಡದಾರಿ ಹಿಡೀತೀನಿ, ಕ್ಷಮಿಸಿ. ಇದು ನಮ್ಮ ಮನೆ ಬಾಗಿಲಿಗೇ ಬರೋ ದಾರಿ. 1919ರಲ್ಲಿ ಟೋಕಿಯೋದ ಕೆಯೊ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಕಾವ್ಯ ಕಲಿಸೋಕೆ ಭಾರತದಲ್ಲಿದ್ದ ಒಬ್ಬ ಐರಿಷ್ ಕವಿ ಹೋದರು. ಒಂದು ವರ್ಷವೂ ತುಂಬಲಿಲ್ಲ, ಭಾರತಕ್ಕೆ ವಾಪಸಾದರು. ಜೇಮ್ಸ್ ಕಸಿನ್ಸ್. ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಾ? ಹೌದು, ಅವರೇ. 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ಇನ್ನೂ ಇಪ್ಪತ್ತು ತುಂಬದ ಒಬ್ಬ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನ ಹಿಡಿದುಕೊಂಡು ಅವರ ಮುಂದೆ ನಿಂತ. ಮೆಚ್ಚುಗೆ ಸಿಗುತ್ತೆ ಅಂತ ಬಂದಿದ್ದ ಹುಡುಗನನ್ನ ಕಸಿನ್ಸ್ ಕೇಳಿದ್ದು, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಅಂತ. ಹುಡುಗನಿಗೆ ಸಿಟ್ಟು ಬಂತು, ಕನ್ನಡದಲ್ಲಿ ಇಂಥದ್ದೆಲ್ಲ ಆಗುತ್ತಾ ಅನ್ನೋ ಅನುಮಾನವೂ ಇತ್ತು. ಆಮೇಲೆ ಆ ಹುಡುಗ ಕುವೆಂಪು ಆದದ್ದು ನಿಮಗೆ ಗೊತ್ತೇ ಇದೆ. ‘ನೆನಪಿನ ದೋಣಿಯಲ್ಲಿ’ ಅನ್ನೋ ಆತ್ಮಕಥೆಯಲ್ಲಿ ಅವರೇ ಇದನ್ನ ಬರೆದುಕೊಂಡಿದ್ದಾರೆ. ಕನ್ನಡಕ್ಕೆ ಅಷ್ಟು ದೊಡ್ಡ ಉಪಕಾರ ಮಾಡಿದ ಇಂಗ್ಲಿಷ್ ಮೇಷ್ಟ್ರು ಅವತ್ತು ಮಾಡಿದ್ದು ಒಂದೇ ಕೆಲಸ: ಇಂಗ್ಲಿಷ್ ಬೇಡ ಅಂದದ್ದು.

ಸರಿ, ಜಪಾನಿಗೆ ವಾಪಸ್ ಹೋಗೋಣ.

1980ರ ದಶಕ. ಜಪಾನಿನ ಕಾರು, ಟೀವಿ ಅಮೆರಿಕದ ಮನೆಮನೆಯಲ್ಲಿ. ಅಮೆರಿಕದ ವ್ಯಾಪಾರದ ಲೆಕ್ಕದಲ್ಲಿ ಕೊರತೆ, ಅಲ್ಲಿನ ರಾಜಕಾರಣಿಗಳಿಗೆ ಕೆಂಡದಂಥ ಕೋಪ. ಬರೀ ಮಾರ್ತೀರಿ, ಏನೂ ಕೊಳ್ಳಲ್ಲ, ಮುಚ್ಚಿಕೊಂಡ ದೇಶ ನಿಮ್ಮದು ಅಂತ ದೂರು. ಇದಕ್ಕೆ ಜಪಾನ್ ಸರ್ಕಾರ ಹುಡುಕಿಕೊಂಡ ಉತ್ತರಗಳಲ್ಲಿ ಒಂದು, ಮನುಷ್ಯರನ್ನೇ ಆಮದು ಮಾಡಿಕೊಳ್ಳೋದು. 1987ರಲ್ಲಿ ಜೆಟ್ ಅನ್ನೋ ಕಾರ್ಯಕ್ರಮ ಶುರುವಾಯ್ತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ನಾಲ್ಕು ದೇಶಗಳಿಂದ 848 ಜನ ಬಂದರು. ಈಗ ಡಜನುಗಟ್ಟಲೆ ದೇಶಗಳಿಂದ 5,000ಕ್ಕೂ ಹೆಚ್ಚು ಜನ ಇದರಲ್ಲಿ ಕೆಲಸ ಮಾಡ್ತಾರೆ. ಹತ್ತರಲ್ಲಿ ಒಂಬತ್ತು ಮಂದಿಗಿಂತ ಹೆಚ್ಚು ಎ.ಎಲ್.ಟಿ.ಗಳು, ಅಂದರೆ ಸಹಾಯಕ ಭಾಷಾ ಶಿಕ್ಷಕರು. ಪದವಿ ಇದ್ದರೆ ಸಾಕು. ಬಿ.ಎಡ್. ಥರದ್ದೇನೂ ಕೇಳಲ್ಲ, ಜಪಾನಿ ಬರಬೇಕು ಅಂತಲೂ ಇಲ್ಲ. ಹೆಚ್ಚೆಂದರೆ ಐದು ವರ್ಷ, ಆಮೇಲೆ ಮನೆಗೆ.

ಇವರ ಒಂದು ದಿನ ಹೇಗಿರುತ್ತೆ? ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿ, ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಮೇಷ್ಟ್ರುಗಳ ಕೋಣೆಯಲ್ಲಿ ಮೇಜುಗಳನ್ನೆಲ್ಲ ಎದುರುಬದುರು ಜೋಡಿಸಿರ್ತಾರೆ. ಬೆಳಗಿನ ಸಭೆ ಜಪಾನಿಯಲ್ಲಿ ನಡೆಯುತ್ತೆ, ಹೊಸಬರಿಗೆ ಒಂದಕ್ಷರ ಅರ್ಥ ಆಗಲ್ಲ, ಎಲ್ಲರೂ ತಲೆಬಾಗಿದಾಗ ತಾವೂ ಬಾಗೋದು. ತರಗತಿಯ ಯಜಮಾನಿಕೆ ಜಪಾನಿ ಮೇಷ್ಟ್ರದ್ದು. ಎ.ಎಲ್.ಟಿ. ಪಕ್ಕದಲ್ಲಿ ನಿಂತು, ಪಾಠದ ಸಾಲು ಓದಿ ಅಂದಾಗ ಓದಬೇಕು. ಮಕ್ಕಳು ಅದರ ಹಿಂದೆಯೇ ಹೇಳ್ತಾರೆ. ಮತ್ತೆ ಓದು, ಮತ್ತೆ ಹೇಳು. ಈ ಕೆಲಸಕ್ಕೆ ಅವರವರೇ ಇಟ್ಟುಕೊಂಡ ಹೆಸರು ‘ಮನುಷ್ಯ ಟೇಪ್ ರೆಕಾರ್ಡರ್’. ಒಬ್ಬೊಬ್ಬರಿಗೆ ಎರಡು ಮೂರು ಶಾಲೆ ಇರುತ್ತೆ, ಕೆಲವರಿಗೆ ಇನ್ನೂ ಜಾಸ್ತಿ. ಸೋಮವಾರ ಇಲ್ಲಿ, ಮಂಗಳವಾರ ಬೆಟ್ಟದಾಚೆ.

ನಿಜವಾದ ಕೆಲಸ ನಡೆಯೋದು ಮಧ್ಯಾಹ್ನ ಅಂತ ನನಗನ್ನಿಸುತ್ತೆ. ಜಪಾನಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೇ ಬಿಳಿ ಟೋಪಿ, ಬಿಳಿ ಏಪ್ರನ್ ಹಾಕಿಕೊಂಡು ಊಟ ಬಡಿಸ್ತಾರೆ. ತಿನ್ನೋದೂ ತರಗತಿಯಲ್ಲೇ. ಪರದೇಶಿ ಮೇಷ್ಟ್ರು ಇವತ್ತು ಮೂರನೇ ಕ್ಲಾಸು, ನಾಳೆ ನಾಲ್ಕನೇ ಕ್ಲಾಸು ಅಂತ, ಆ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿಕೊಂಡು ಮಕ್ಕಳ ಮಧ್ಯೆ ಕೂತು ಉಣ್ತಾರೆ. ಆಗ ಬರುತ್ತೆ ಪ್ರಶ್ನೆ. ನಾಟ್ಟೊ ತಿಂತೀರಾ? ಅಂದರೆ ಆ ನಾರೋ ಹುಳಿಸಿದ ಸೋಯಾ ಕಾಳು. ನಿಮ್ಮ ಕೂದಲು ಯಾಕೆ ಹೀಗೆ? ನಿಮಗೆ ಅಮ್ಮ ಇದ್ದಾರಾ? ಮೀನುಗಾರರ ಹಳ್ಳಿಯ ಒಂಬತ್ತು ವರ್ಷದ ಮಗುವಿಗೆ ಇಂಗ್ಲಿಷ್ ಅನ್ನೋದು ಪರೀಕ್ಷೆಯ ವಿಷಯ ಆಗೋಕೆ ಮುಂಚೆ, ತನ್ನ ಪಕ್ಕ ಕೂತು ಮಿಸೊ ಸಾರು ಕುಡಿಯೋ ಒಬ್ಬ ವ್ಯಕ್ತಿ ಆಗುತ್ತೆ.

ಕೊರಗುಗಳೂ ಬೇಕಾದಷ್ಟಿವೆ. ಇಷ್ಟು ವರ್ಷ, ಇಷ್ಟು ದುಡ್ಡು ಸುರಿದರೂ ಜಪಾನಿನವರ ಇಂಗ್ಲಿಷ್ ಸುಧಾರಿಸಲಿಲ್ಲ ಅನ್ನೋದು ಹಳೇ ದೂರು. ಅದನ್ನ ಈ ಮೇಷ್ಟ್ರುಗಳ ತಲೆಗೆ ಕಟ್ಟೋದು ನನಗೆ ಅನ್ಯಾಯ ಅನ್ನಿಸುತ್ತೆ. ವಾರಕ್ಕೆ ಒಂದು ಸಲ ಬರೋರಿಂದ, ಅದೂ ಪಕ್ಕವಾದ್ಯಕ್ಕೆ ಕೂರಿಸಿದವರಿಂದ, ಕಛೇರಿ ಕೆಟ್ಟಿತು ಅಂದರೆ ಹೇಗೆ? ಜೆಟ್ ಆಚೆಗಂತೂ ಪಾಡು ಇನ್ನೂ ಕಷ್ಟ. ಮಧ್ಯವರ್ತಿ ಕಂಪನಿಗಳ ಮೂಲಕ ಬರೋರಿಗೆ ಸಂಬಳ ಕಮ್ಮಿ. ದೇಶದ ಅತಿ ದೊಡ್ಡ ಇಂಗ್ಲಿಷ್ ಟ್ಯೂಷನ್ ಕಂಪನಿಯಾಗಿದ್ದ ನೋವಾ 2007ರ ಅಕ್ಟೋಬರಿನಲ್ಲಿ ಮುಳುಗಿದಾಗ (ಹೆಸರಲ್ಲೇ ನೋವಿದೆ ಬಿಡಿ) ಸಾವಿರಾರು ಪರದೇಶಿ ಮೇಷ್ಟ್ರುಗಳು ಸಂಬಳ ಇಲ್ಲದೆ ನಿಂತರು. ಕಂಪನಿ ಮೂಲಕ ಬಾಡಿಗೆಗಿದ್ದ ಕೆಲವರಿಗೆ ಮನೆ ಖಾಲಿ ಮಾಡಿ ಅನ್ನೋ ನೋಟಿಸು. ಆಗ ಒಂದು ಕಾರ್ಮಿಕ ಸಂಘ ಹೊಸ ವ್ಯವಸ್ಥೆ ಮಾಡ್ತು: ಊಟ ಕೊಡಿ, ಪಾಠ ಹೇಳ್ತಾರೆ. ನಮ್ಮ ವಾರಾನ್ನದ ಹುಡುಗರ ಕಥೆ ಉಲ್ಟಾ ಆದ ಹಾಗೆ. ಇಲ್ಲಿ ವಾರಾನ್ನ ಮೇಷ್ಟ್ರಿಗೆ.

ಕೊನೆಗೆ ಇಶಿನೊಮಾಕಿ. ಜಪಾನಿನ ಈಶಾನ್ಯ ಕರಾವಳಿಯ ಬಂದರು ಊರು. 2008ರಲ್ಲಿ ಅಮೆರಿಕದ ವರ್ಜೀನಿಯಾದಿಂದ ಟೇಲರ್ ಆಂಡರ್ಸನ್ ಅನ್ನೋ ಹುಡುಗಿ ಜೆಟ್ ಮೂಲಕ ಅಲ್ಲಿಗೆ ಬಂದರು. ಸುತ್ತಲಿನ ಹಲವು ಶಾಲೆಗಳಲ್ಲಿ ಪಾಠ, ಓಡಾಟಕ್ಕೆ ಸೈಕಲ್ಲು.

2011ರ ಮಾರ್ಚ್ 11, ಮಧ್ಯಾಹ್ನ ಎರಡು ಮುಕ್ಕಾಲರ ಸುಮಾರಿಗೆ ಭೂಮಿ ನಡುಗಿತು. ಟೇಲರ್ ಆಗ ಮಂಗೊಕುಉರಾ ಪ್ರಾಥಮಿಕ ಶಾಲೆಯಲ್ಲಿದ್ದರು. ಮಕ್ಕಳ ಜೊತೆ ಹೊರಗೆ ನಿಂತು, ಅಪ್ಪ ಅಮ್ಮಂದಿರು ಬಂದು ಅವರನ್ನ ಕರಕೊಂಡು ಹೋಗೋ ತನಕ ಇದ್ದು, ಆಮೇಲೆ ಸೈಕಲ್ ಹತ್ತಿ ಮನೆ ಕಡೆ ಹೊರಟರು. ದಾರಿಯಲ್ಲಿ ಸುನಾಮಿ ಸಿಕ್ಕಿತು. ಆಕೆಗೆ 24 ವರ್ಷ. ಹೌದು, ಮೆಕ್‌ಡೊನಾಲ್ಡ್ ದೋಣಿ ಇಳಿಸಿದ ವಯಸ್ಸೇ. ಅದೇ ದಿನ ಉತ್ತರಕ್ಕಿರೋ ರಿಕುಜೆನ್‌ತಕಾತಾದಲ್ಲಿ ಅಲಾಸ್ಕಾದಿಂದ ಬಂದಿದ್ದ ಎ.ಎಲ್.ಟಿ. ಮಾಂಟಿ ಡಿಕ್ಸನ್ ಕೂಡ ತೀರಿಕೊಂಡರು. ಅವರು ಆ ಹೊತ್ತಿಗೆ ಜಪಾನಿ ಕವಯಿತ್ರಿ ಕನೆಕೊ ಮಿಸುಜು ಅವರ ಪದ್ಯ ಅನುವಾದ ಮಾಡ್ತಾ ಇದ್ದರು.

ಟೇಲರ್ ಅಪ್ಪ ಅಮ್ಮ ಒಂದು ನಿಧಿ ಮಾಡಿ, ಮಗಳು ಪಾಠ ಹೇಳಿದ ಶಾಲೆಗಳಿಗೆ ಇಂಗ್ಲಿಷ್ ಪುಸ್ತಕ ಕೊಡಿಸೋಕೆ ಮುಂದಾದರು. ಪುಸ್ತಕ ಇಡೋಕೆ ಕಪಾಟು ಬೇಕಲ್ಲ? ಮಾಡಿಕೊಡಿ ಅಂತ ಊರಿನ ಒಬ್ಬ ಬಡಗಿಯನ್ನ ಕೇಳಿದರು. ಆ ಬಡಗಿಯ ಮೂವರು ಮಕ್ಕಳೂ ಅದೇ ನೀರಿನಲ್ಲಿ ಹೋಗಿದ್ದರು. ಮೂವರೂ ಟೇಲರ್ ಹತ್ತಿರ ಇಂಗ್ಲಿಷ್ ಕಲಿತಿದ್ದವರು. ಆತ ಒಪ್ಪಿಕೊಂಡು, ಮರ ಕೊಯ್ದು, ಹತ್ತರಿ ಹಿಡಿದು, ಮೊದಲ ಕಪಾಟು ಮಾಡಿ ಮಂಗೊಕುಉರಾ ಶಾಲೆಗೆ ಕೊಟ್ಟರು. ಆಮೇಲೆ ಒಂದೊಂದಾಗಿ ಬೇರೆ ಶಾಲೆಗಳಿಗೂ. ಮಕ್ಕಳ ಕೈಗೆ ಎಟುಕೋ ಎತ್ತರದಲ್ಲಿ ಇಂಗ್ಲಿಷ್ ಚಿತ್ರದ ಪುಸ್ತಕಗಳು. ಆ ಕಪಾಟಿಗೆ ಹೆಸರು ‘ಟೇಲರ್ ಬುಂಕೊ’. ಬುಂಕೊ ಅಂದರೆ ಪುಟ್ಟ ಪುಸ್ತಕ ಭಂಡಾರ. ಇನ್ನು ಆ ಹೆಸರು, ಅದರಲ್ಲಿ ‘ಲ’ ಇದೆಯಲ್ಲ, ಅಲ್ಲಿನ ಮಕ್ಕಳ ಬಾಯಲ್ಲಿ ಅದು ‘ತೇರಾ’.